ಮನೆಯಲ್ಲೇ ಹಿಮೋಡಯಾಲಿಸಿಸ್: ಟ್ರೇನಿಂಗ್‌ಗೆ ಮುಂಚೆ ಮನೆ ಹೇಗೆ ಸಿದ್ಧ ಮಾಡಿಕೊಂಡಿರಿ?

ಹಾಸನದ ಮಗಳು

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಕೈಕೊಟ್ಟಿವೆ. ಎಡಗೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಎರಡು ರಕ್ತನಾಳ ಜೋಡಿಸುವ ಆಪರೇಷನ್) ಮಾಡಿಸಿ ಕೆಲವು ತಿಂಗಳಾಯಿತು, ಚೆನ್ನಾಗಿ ಬಲಿತಿದೆ ಅಂದಿದ್ದಾರೆ. ಹೋದ ತಿಂಗಳಿಂದ ಸೆಂಟರ್‌ನಲ್ಲಿ ವಾರಕ್ಕೆ ಮೂರು ಸಲ ಹಿಮೋಡಯಾಲಿಸಿಸ್, ಅಂದರೆ ಮೆಷಿನ್ನಿನಲ್ಲಿ ರಕ್ತ ಶುದ್ಧ ಮಾಡುವುದು, ಆಗುತ್ತಿದೆ. ಮುಗಿಸಿ ಬಂದ ದಿನ ಅವರಿಗೆ ಏನೂ ಮಾಡಲು ಆಗುವುದಿಲ್ಲ. ಕಾಲು ಸೆಳೆತ, ತಲೆಸುತ್ತು, ಬಂದು ಮಲಗಿದರೆ ಮರುದಿನವೇ ಏಳುವುದು. ಮನೆಯಲ್ಲೇ ಮಾಡಿಕೊಂಡರೆ ವಾಸಿ ಅಂತ ಡಾಕ್ಟರ್ ಹೇಳಿದರು. ಟ್ರೇನಿಂಗ್‌ಗೆ ಹೆಸರು ಕೊಟ್ಟಿದ್ದೇವೆ.

ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಎರಡನೇ ಮಹಡಿ, ಪೂರ್ತಿ ಕಾರ್ಪೆಟ್. ಮಗ ಏಳನೇ ಕ್ಲಾಸು. ನಾನು ಕೆಲಸಕ್ಕೆ ಹೋಗುತ್ತೇನೆ. ನನ್ನ ಪ್ರಶ್ನೆಗಳು ಇಷ್ಟು. ಮೆಷಿನ್ ಎಲ್ಲಿ ಇಡುವುದು? ನಲ್ಲಿ, ಕರೆಂಟ್ ಬದಲಾಯಿಸಬೇಕಾ? ಮನೆ ಓನರ್‌ಗೆ ಹೇಳಲೇಬೇಕಾ? ಎಲ್ಲಕ್ಕಿಂತ ಜಾಸ್ತಿ ಭಯ ಸೂಜಿಯದು. ನಾನು ಅವರ ಕೈಗೆ ಅಷ್ಟು ದಪ್ಪ ಸೂಜಿ ಹೇಗೆ ಚುಚ್ಚಲಿ? ನಾನು ರಕ್ತ ನೋಡಿದರೆ ಕಣ್ಣು ಕತ್ತಲೆ ಬರುವ ಜಾತಿ. ರಜೆ ಎಷ್ಟು ವಾರ ಹಾಕಬೇಕು ಅನ್ನುವುದೂ ಗೊತ್ತಿಲ್ಲ.

ಫ್ರೀಮಾಂಟ್ ಭಟ್ಟ

ಮೇಡಂ, ನಾನೇ ಪೇಷಂಟ್, ನಿಮ್ಮ ಪಕ್ಕದ ಊರು. ಹಲವು ವರ್ಷದಿಂದ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೇನೆ. ಮನೆಯ ವಿಷಯ ಹೇಳುತ್ತೇನೆ, ಸೂಜಿಯ ವಿಷಯ ಗೊತ್ತಿದ್ದವರು ಹೇಳಲಿ.

ಮೊದಲು ಕೇಳಬೇಕಾದ ಪ್ರಶ್ನೆ: ನಿಮ್ಮ ಕ್ಲಿನಿಕ್ ಯಾವ ಮೆಷಿನ್ ಕೊಡುತ್ತದೆ? ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಸೆಂಟರ್‌ನಲ್ಲಿರುವ ದೊಡ್ಡ ಮೆಷಿನ್ ನಾಲ್ಕು ಗಂಟೆಗೆ ಸುಮಾರು 120 ಲೀಟರ್ ಡಯಾಲಿಸೇಟ್ (ರಕ್ತದ ಕಲ್ಮಶ ಎಳೆದುಕೊಳ್ಳುವ ದ್ರಾವಣ) ಓಡಿಸುತ್ತದೆ. ಅದಕ್ಕೆ ಪಕ್ಕದಲ್ಲೊಂದು ಆರ್‌ಓ (ನೀರು ಶುದ್ಧ ಮಾಡುವ ಯಂತ್ರ), ನೇರ ನಲ್ಲಿ ಲೈನು, ಡ್ರೈನು ಎಲ್ಲ ಬೇಕು. ಅಮೆರಿಕದಲ್ಲಿ ಮನೆಗೆ ಬಹಳ ಜನ ತೆಗೆದುಕೊಳ್ಳುವುದು ನೆಕ್ಸ್‌ಸ್ಟೇಜ್. 2005ರಲ್ಲಿ ಮನೆ ಬಳಕೆಗೆ ಒಪ್ಪಿಗೆ ಸಿಕ್ಕಿದ್ದು. ಸುಮಾರು 34 ಕೆ.ಜಿ., ಮೇಜಿನ ಮೇಲೆ ಕೂರುತ್ತದೆ. ಒಂದು ಸಲಕ್ಕೆ 20ರಿಂದ 30 ಲೀಟರ್, ಕೆಲವರಿಗೆ ಇನ್ನೂ ಜಾಸ್ತಿ ಬಳಸುತ್ತದೆ. ನೀರು ಕಡಿಮೆ, ಅದಕ್ಕೇ ವಾರಕ್ಕೆ ಐದು ದಿನ, ಎರಡೂವರೆ ಮೂರು ಗಂಟೆ ಕೂರುವ ಲೆಕ್ಕ. ಇನ್ನೊಂದು ಟ್ಯಾಬ್ಲೋ ಅಂತ. 2020ರಲ್ಲಿ ಮನೆಗೆ ಒಪ್ಪಿಗೆ ಬಂತು. ನೀರು ಶುದ್ಧ ಮಾಡುವ ವ್ಯವಸ್ಥೆ ಅದರೊಳಗೇ ಇದೆ, ಆದರೆ ಗಾತ್ರ ದೊಡ್ಡದು.

ನೆಕ್ಸ್‌ಸ್ಟೇಜ್ ಆದರೆ ಡಯಾಲಿಸೇಟ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು, 5 ಲೀಟರಿನ ರೆಡಿ ಚೀಲಗಳು. ನಲ್ಲಿ ಕೆಲಸವೇ ಬೇಡ, ಆದರೆ ಚೀಲದ ಡಬ್ಬಗಳನ್ನು ಎತ್ತಿ ಎತ್ತಿ ಸೊಂಟ ಬಿದ್ದುಹೋಗುತ್ತದೆ. ಎರಡನೇದು, ನಲ್ಲಿ ನೀರನ್ನು ಶುದ್ಧ ಮಾಡಿ ಮನೆಯಲ್ಲೇ ಒಂದು ದೊಡ್ಡ ಚೀಲ ತಯಾರಿಸುವ ಯಂತ್ರ. 40, 50 ಅಥವಾ 60 ಲೀಟರ್. ತಯಾರಾಗಲು ಏಳೆಂಟು ಗಂಟೆ ಬೇಕು, ಹಾಗಾಗಿ ರಾತ್ರಿ ಹಾಕಿ ಮಲಗುತ್ತೇವೆ. 96 ಗಂಟೆಯೊಳಗೆ ಬಳಸಿ ಮುಗಿಸಬೇಕು.

ನೀರಿನ ಬಗ್ಗೆ ಒಂದು ಮುಖ್ಯ ಮಾತು. ನಮ್ಮ ಕಡೆ ಕ್ರಿಮಿ ಕೊಲ್ಲಲು ನಲ್ಲಿ ನೀರಿಗೆ ಕ್ಲೋರಮೈನ್ ಹಾಕುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ನೀರು ಇಲಾಖೆ 2004ರಿಂದ ಇದನ್ನೇ ಬಳಸುತ್ತಿದೆ, ಸನಿವೇಲ್‌ಗೂ ಆ ನೀರು ಬರುತ್ತದೆ. ಕುಡಿದರೆ ಏನೂ ಇಲ್ಲ. ಆದರೆ ಡಯಾಲಿಸೇಟ್‌ನಲ್ಲಿ ಉಳಿದು ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣ ಒಡೆಯುತ್ತದೆ. ಕುದಿಸಿದರೆ ಹೋಗುತ್ತದೆ ಅಂತ ನಂಬಬೇಡಿ. ಫ್ರಿಜ್‌ನ ಫಿಲ್ಟರ್, ಅಡುಗೆಮನೆಯ ಫಿಲ್ಟರ್ ಯಾವುದನ್ನೂ ನಂಬುವ ಹಾಗಿಲ್ಲ. ಮೆಷಿನ್ ಜೊತೆ ಬರುವ ಇದ್ದಿಲಿನ ಫಿಲ್ಟರೇ ಅದನ್ನು ಹಿಡಿಯಬೇಕು. ಹಿಡಿದಿದೆಯೋ ಇಲ್ಲವೋ ಅಂತ ಪ್ರತಿ ಚೀಲಕ್ಕೂ ಬಣ್ಣ ಬದಲಾಗುವ ಟೆಸ್ಟ್ ಪಟ್ಟಿ ಅದ್ದಿ ನೋಡಬೇಕು. ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ದಾಟಿದ್ದರೆ ಆ ಚೀಲ ಮೋರಿಗೆ. 'ಸ್ವಲ್ಪ ಬಣ್ಣ ಬಂದ ಹಾಗಿದೆ, ಪರವಾಗಿಲ್ಲ' ಅನ್ನುವ ಮಾತೇ ಇಲ್ಲ.

ಜಾಗಕ್ಕೆ ಬಂದರೆ, ಪ್ರತ್ಯೇಕ ರೂಮು ಬೇಕಿಲ್ಲ. ಒಂದು ಒರಗುವ ಕುರ್ಚಿ, ಮೆಷಿನ್, ಒಂದು ಸಣ್ಣ ಟೇಬಲ್, ಕೈಗೆಟಕುವ ದೂರದಲ್ಲಿ ಫೋನ್, ಟಾರ್ಚ್. ಇಷ್ಟು ಹಿಡಿಸುವ ಮೂಲೆ ಸಾಕು. ಕೈ ತೊಳೆಯುವ ಸಿಂಕ್ ಹತ್ತಿರ ಇದ್ದರೆ ಒಳ್ಳೆಯದು. ಫ್ಯಾನು, ಏಸಿ ಗಾಳಿ ನೇರ ಬೀಸುವ ಜಾಗ ಬೇಡ, ಸೂಜಿ ಹಾಕುವಾಗ ಧೂಳು ಹಾರಬಾರದು. ಕಾರ್ಪೆಟ್ ಕೀಳಿಸಬೇಕಿಲ್ಲ. ಕುರ್ಚಿ, ಮೆಷಿನ್ ಕೆಳಗೆ ಒಂದು ದಪ್ಪ ವಿನೈಲ್ ಹಾಳೆ ಹಾಸಿ. ಕರೆಂಟಿಗೆ ನೆಲಕ್ಕೆ ಅರ್ಥ್ ಆಗಿರುವ ಪ್ಲಗ್ ಬೇಕು, ಆ ಲೈನಿನಲ್ಲಿ ಹೀಟರು, ಮೈಕ್ರೋವೇವ್ ಇರಬಾರದು. ಕ್ಲಿನಿಕ್‌ನವರು ಮನೆಗೆ ಬಂದು ಇದನ್ನೆಲ್ಲ ನೋಡುತ್ತಾರೆ. ಅದಕ್ಕೆ ಮುಂಚೆ ನೀವಾಗಿ ದುಡ್ಡು ಖರ್ಚು ಮಾಡಬೇಡಿ. ಕುರ್ಚಿಯನ್ನೂ ಕೊಳ್ಳಬೇಡಿ. ನಿಮ್ಮ ಯಜಮಾನರು ಟ್ರೇನಿಂಗ್‌ನಲ್ಲಿ ಕೂತು ನೋಡಿ ಯಾವುದು ಹಿತ ಅಂತ ಹೇಳಲಿ.

ಓನರ್‌ಗೆ ಹೇಳಿ. ಚೀಲದ ಮಾದರಿ ಆದರೆ ಒಪ್ಪಿಗೆ ಕೇಳಲು ಏನೂ ಇಲ್ಲ. ನಲ್ಲಿಗೆ ಕನೆಕ್ಷನ್ ಕೊಡಬೇಕಾದರೆ ಬರಹದಲ್ಲಿ ಕೇಳಿ, ಡಾಕ್ಟರ್ ಪತ್ರ ಲಗತ್ತಿಸಿ. ಅಮೆರಿಕದ ವಸತಿ ಕಾನೂನಿನ ಪ್ರಕಾರ ಆರೋಗ್ಯದ ಅಗತ್ಯಕ್ಕೆ ಬೇಕಾದ ಸಣ್ಣಪುಟ್ಟ ಬದಲಾವಣೆಯನ್ನು ಬಾಡಿಗೆದಾರ ತನ್ನ ಖರ್ಚಲ್ಲಿ ಮಾಡಿಕೊಳ್ಳುತ್ತೇನೆ ಅಂದರೆ ಸುಮ್ನೆ ಇಲ್ಲ ಅನ್ನುವ ಹಾಗಿಲ್ಲ.

ಇನ್ನೊಂದು. ಪಿಜಿ ಅಂಡ್ ಇ ಕರೆಂಟ್ ಕಂಪನಿಯಲ್ಲಿ 'ಮೆಡಿಕಲ್ ಬೇಸ್‌ಲೈನ್' ಅಂತ ಒಂದು ಸೌಲಭ್ಯ ಇದೆ. ಕಡಿಮೆ ದರದಲ್ಲಿ ಹೆಚ್ಚುವರಿ ಯೂನಿಟ್ ಸಿಗುತ್ತದೆ. ಕಾಡ್ಗಿಚ್ಚಿನ ಭಯಕ್ಕೆ ಅವರೇ ಕರೆಂಟ್ ತೆಗೆಯುವಾಗ ಮುಂಚೆ ಫೋನ್ ಬರುತ್ತದೆ. ಡಾಕ್ಟರ್ ಸಹಿ ಬೇಕು. ಇವತ್ತೇ ಅರ್ಜಿ ಹಾಕಿ.

ಕುಡ್ಲದ ನರ್ಸ್

ಭಟ್ಟರು ಮನೆ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಷಿಕಾಗೋ ಹತ್ತಿರ ಮನೆ ಡಯಾಲಿಸಿಸ್ ಕಲಿಸುವ ನರ್ಸ್. ಅಕ್ಕಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಅದರಲ್ಲಿ 'ನಾನು ಹೇಗೆ ಚುಚ್ಚಲಿ' ಅಂತ ಇದೆ. ಭಾವನವರು ಏನು ಮಾಡುತ್ತಾರೆ ಅಂತ ಎಲ್ಲೂ ಇಲ್ಲ. ನನ್ನ ಪ್ರಕಾರ ಪ್ಲಗ್ಗು, ನಲ್ಲಿಗಿಂತ ಮೊದಲು ಇತ್ಯರ್ಥ ಆಗಬೇಕಾದ್ದು ಅದು.

ಅವರಿಗೆ ಕಣ್ಣು ಕಾಣುತ್ತದಾ? ಬಲಗೈ ಬೆರಳು ಚೆನ್ನಾಗಿ ಆಡುತ್ತವಾ? ಹಾಗಿದ್ದರೆ ಸೂಜಿ ಅವರೇ ಹಾಕಿಕೊಳ್ಳಲಿ. ಕೇಳಿದಾಗ ಎಲ್ಲರೂ ಬೆಚ್ಚುತ್ತಾರೆ. ಆದರೆ ತಾನೇ ಹಾಕಿಕೊಂಡರೆ ನೋವು ಕಡಿಮೆ ಅಂತ ನನ್ನ ಪೇಷಂಟ್‌ಗಳಲ್ಲಿ ಹೆಚ್ಚಿನವರು ಹೇಳುತ್ತಾರೆ. ಸೂಜಿ ಎಲ್ಲಿದೆ, ಎಷ್ಟು ಒಳಗೆ ಹೋಯಿತು ಅನ್ನುವುದು ಎರಡೂ ಕಡೆಯಿಂದ ಅವರಿಗೆ ಗೊತ್ತಾಗುತ್ತದೆ, ಕೈಗೂ ಗೊತ್ತು, ತೋಳಿಗೂ ಗೊತ್ತು. ನಿಮಗೆ ಒಂದೇ ಕಡೆಯಿಂದ.

ಮೊದಲ ವಾರ ಸೂಜಿ ಯಾರ ಕೈಗೂ ಕೊಡುವುದಿಲ್ಲ. ಕೈ ತೊಳೆಯುವುದು, ತೂಕ ನೋಡುವುದು, ಬಿ.ಪಿ. ನೋಡುವುದು, ಅದನ್ನು ಬರೆದಿಡುವುದು. ಫಿಸ್ಟುಲಾ ಮೇಲೆ ಬೆರಳಿಟ್ಟು ಆ ಜುಮ್ ಅನ್ನುವ ಕಂಪನ ಇದೆಯಾ ನೋಡುವುದು. ಕಂಪನ ಇಲ್ಲ ಅಂದರೆ ಗಡ್ಡೆ ಕಟ್ಟಿರಬಹುದು, ತಕ್ಷಣ ಫೋನ್ ಮಾಡಬೇಕು. ಆಮೇಲೆ ಟ್ಯೂಬು ಜೋಡಿಸುವುದು, ಸಲೈನ್ ಓಡಿಸಿ ಗಾಳಿ ತೆಗೆಯುವುದು. ಇದನ್ನು ಮತ್ತೆ ಮತ್ತೆ ಮಾಡಿಸುತ್ತೇವೆ, ಬೇಜಾರಾಗುವಷ್ಟು. ಆಮೇಲೆ ಸೂಜಿ. ಆಮೇಲೆ ಅಲಾರಂಗಳು. ಕೊನೆಯಲ್ಲಿ ನಾವೇ ಬೇಕಂತ ಏನಾದರೂ ತಪ್ಪು ಮಾಡಿಟ್ಟು, ಕಂಡುಹಿಡಿಯಿರಿ ಅಂತ ಸುಮ್ಮನೆ ಕೂರುತ್ತೇವೆ.

ಅಮೆರಿಕದಲ್ಲಿ ಇದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ, ವಾರಕ್ಕೆ ನಾಲ್ಕೈದು ದಿನ. ಮೆಡಿಕೇರ್ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) 25 ಸೆಷನ್‌ವರೆಗೆ ಟ್ರೇನಿಂಗ್‌ನ ದುಡ್ಡು ಕೊಡುತ್ತದೆ. ಸಾಲದಿದ್ದರೆ ಸಾಲಲ್ಲ ಅಂತ ಹೇಳಿ. ನಿಮಗೆ ಧೈರ್ಯ ಬರದೆ ಮನೆಗೆ ಕಳಿಸುವ ಹಾಗಿಲ್ಲ.

ಸೂಜಿ ಹಾಕುವುದರಲ್ಲಿ ಎರಡು ದಾರಿ. ಪ್ರತಿ ಸಲ ಜಾಗ ಬದಲಿಸುತ್ತಾ ಹೋಗುವುದು ಒಂದು. ಇನ್ನೊಂದು ಬಟನ್‌ಹೋಲ್. ಅಂದರೆ ಅದೇ ತೂತಿಗೆ, ಅದೇ ಓರೆಯಲ್ಲಿ, ಅದೇ ವ್ಯಕ್ತಿ ಮತ್ತೆ ಮತ್ತೆ ಹಾಕುವುದು. ಕೆಲವು ವಾರದಲ್ಲಿ ಅಲ್ಲಿ ಒಂದು ದಾರಿ ಬೀಳುತ್ತದೆ, ಆಮೇಲೆ ಮೊಂಡು ಸೂಜಿ ಸಾಕು. ಹೆದರುವವರಿಗೆ ಇದು ಸುಲಭ. ಆದರೆ ಸೋಂಕಿನ ಅಪಾಯ ಜಾಸ್ತಿ. ಹಳೆಯ ಹಕ್ಕಳೆಯನ್ನು ಪೂರ್ತಿ ತೆಗೆಯಬೇಕು, ತೆಗೆಯುವ ಮುಂಚೆ ಒಮ್ಮೆ, ತೆಗೆದ ಮೇಲೆ ಒಮ್ಮೆ ಚರ್ಮ ಶುದ್ಧ ಮಾಡಬೇಕು. ಚುಚ್ಚುವ ಸೂಜಿಯಲ್ಲೇ ಹಕ್ಕಳೆ ಕೀಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಳಿ ಜ್ವರ ಬಂತು ಅಂದರೆ ಕ್ರೋಸಿನ್ ನುಂಗಿ ಮಲಗುವುದಲ್ಲ, ಆ ಗಂಟೆಯಲ್ಲೇ ಫೋನ್.

ಸೂಜಿ ಚುಚ್ಚುವುದಕ್ಕಿಂತ ಅದು ಕಳಚಿಕೊಳ್ಳದ ಹಾಗೆ ಪ್ಲಾಸ್ಟರ್ ಹಾಕುವುದಕ್ಕೆ ಹೆದರಿ. ಪಂಪು ನಿಮಿಷಕ್ಕೆ 400 ಎಂ.ಎಲ್. ರಕ್ತ ಓಡಿಸುತ್ತಿದೆ ಅಂದುಕೊಳ್ಳಿ. ರಕ್ತ ವಾಪಸ್ ಹೋಗುವ ಸೂಜಿ ಕಳಚಿದರೆ ಎರಡೂವರೆ ನಿಮಿಷದಲ್ಲಿ ಒಂದು ಲೀಟರ್ ನೆಲಕ್ಕೆ. ಮೆಷಿನ್ನಿನ ಅಲಾರಂ ಪ್ರತಿ ಸಲವೂ ಹೊಡೆಯುತ್ತದೆ ಅಂತ ಹೇಳಲಾಗುವುದಿಲ್ಲ. ಅದಕ್ಕೇ ಆ ತೋಳಿನ ಮೇಲೆ ಶಾಲು, ಕಂಬಳಿ ಹೊದಿಸಬೇಡಿ. ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು. ಒದ್ದೆಯಾದರೆ ಕೂಗುವ ಸಣ್ಣ ಸೆನ್ಸರ್ ಇದೆ, ಕ್ಲಿನಿಕ್‌ನಲ್ಲಿ ಕೇಳಿ.

ಹಾಸನದ ಮಗಳು

ಭಟ್ರೇ, ನರ್ಸ್ ಮೇಡಂ, ತುಂಬಾ ಥ್ಯಾಂಕ್ಸ್. ಇವರಿಗೆ ಓದಿ ಹೇಳಿದೆ. 'ನಾನೇ ಚುಚ್ಚಿಕೊಳ್ಳಬೇಕಾ?' ಅಂದವರು ಅರ್ಧ ಗಂಟೆ ಮಾತೇ ಆಡಲಿಲ್ಲ. ಕಣ್ಣಿಗೆ ಲೇಸರ್ ಆಗಿದೆ, ಈಗ ಕನ್ನಡಕ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಬೆರಳೂ ಸರಿ ಇವೆ. ಹಾಗಾದರೆ ನಾನು ಏನು ಮಾಡುವುದು?

ಶರಾವತಿ

ಇಲ್ಲಿ ಯಾರೂ ಹೇಳದ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ನ್ಯೂಜೆರ್ಸಿಯಲ್ಲಿ ಮನೆಯಲ್ಲಿ ಮಾಡಿ, ಬಿಟ್ಟು, ಮತ್ತೆ ಸೆಂಟರ್‌ಗೆ ಹೋದವರು. ಮೆಷಿನ್ ಕೆಟ್ಟಿತು ಅಂತ ಅಲ್ಲ. ನಾನು ಸೋತೆ.

ನಮ್ಮ ಕ್ಲಿನಿಕ್‌ನಲ್ಲಿ ಎಲ್ಲವನ್ನೂ ನನಗೇ ಕಲಿಸಿದರು. ನಮ್ಮ ಯಜಮಾನರು ಕುರ್ಚಿಯಲ್ಲಿ ಕೂತು ಕೈ ಚಾಚುತ್ತಿದ್ದರು ಅಷ್ಟೇ. ಆಫೀಸಿನಿಂದ ಬಂದು ಅಡುಗೆ, ಆಮೇಲೆ ಮೆಷಿನ್ ಕಟ್ಟು, ಸೂಜಿ ಹಾಕು, ಅರ್ಧ ಗಂಟೆಗೊಮ್ಮೆ ಬಿ.ಪಿ., ಬಿಚ್ಚು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿ, ಕಸ ಕಟ್ಟು. ಮಲಗುವಾಗ ಹನ್ನೆರಡು. 'ಇವತ್ತು ಬೇಡ, ನಾಳೆ ಮಾಡೋಣ' ಅಂತ ಅವರು ಅಂದಾಗ ನನಗೆ ಒಳಗೊಳಗೇ ಖುಷಿ ಆಗುತ್ತಿತ್ತು. ಹಾಗೆ ಬಿಟ್ಟರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ ಅಂತ ಗೊತ್ತಿದ್ದೂ. ಇನ್ನೊಂದು, ನಾನು ಹೆಂಡತಿಯಾಗಿ ಏನಾದರೂ ಹೇಳಿದರೆ ಅವರಿಗೆ ನರ್ಸ್ ಗದರಿದ ಹಾಗೆ ಕೇಳಿಸುತ್ತಿತ್ತು. ಉಪ್ಪಿನಕಾಯಿ ಬಗ್ಗೆ ಆದ ಜಗಳ ಲೆಕ್ಕವಿಲ್ಲ.

ನರ್ಸ್ ಹೇಳಿದ್ದು ನೂರಕ್ಕೆ ನೂರು ಸರಿ. ನಮಗೆ ಆಗ ಯಾರೂ ಹೇಳಲಿಲ್ಲ. ಒಪ್ಪಿಕೊಳ್ಳುವ ಮುಂಚೆ ಕ್ಲಿನಿಕ್‌ನಲ್ಲಿ ಇದನ್ನು ಕೇಳಿ: ನನಗೆ ಜ್ವರ ಬಂದರೆ, ನಾನು ಊರಿಗೆ ಹೋದರೆ, ಆ ವಾರ ಇವರಿಗೆ ಸೆಂಟರ್‌ನಲ್ಲಿ ಕುರ್ಚಿ ಕೊಡುತ್ತೀರಾ? ಬಾಯಿಮಾತು ಬೇಡ, ಬರೆದು ಕೊಡಲಿ.

ಕುಡ್ಲದ ನರ್ಸ್

ಶರಾವತಿ ಅಕ್ಕಾ, ಇದನ್ನು ಬರೆದದ್ದು ಒಳ್ಳೆಯದಾಯಿತು. ಮನೆಯಲ್ಲಿ ಶುರುಮಾಡಿ ನಿಲ್ಲಿಸುವವರಲ್ಲಿ ಬಹಳ ಜನ ಹೀಗೇ ನಿಲ್ಲಿಸುವುದು. ನಮ್ಮವರಲ್ಲಿ ಇನ್ನೂ ಜಾಸ್ತಿ. ಗಂಡ ಪೇಷಂಟ್ ಆದರೆ ಹೆಂಡತಿ ಎಲ್ಲ ಮಾಡುತ್ತಾಳೆ ಅಂತ ಯಾರೂ ಕೇಳದೇ ತೀರ್ಮಾನ ಆಗಿಬಿಡುತ್ತದೆ. ಹೆಂಡತಿ ಪೇಷಂಟ್ ಆದರೆ ಮಾತ್ರ 'ಸೆಂಟರೇ ವಾಸಿ' ಅನ್ನುತ್ತಾರೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಇದಕ್ಕೆ ಹಳೇ ಬೇರೂ ಇದೆ ಅನ್ನಿ. 1964ರಲ್ಲಿ ಸಿಯಾಟಲ್‌ನಲ್ಲಿ ಹೈಸ್ಕೂಲಿನ ಒಬ್ಬ ಹುಡುಗಿಗೆ ಸೆಂಟರ್‌ನಲ್ಲಿ ಜಾಗ ಕೊಡಲಿಲ್ಲ. ಆಗ ಮೆಷಿನ್‌ಗಳು ಬೆರಳೆಣಿಕೆ, ಯಾರಿಗೆ ಕೊಡಬೇಕು ಅಂತ ಒಂದು ಸಮಿತಿ ತೀರ್ಮಾನ ಮಾಡುತ್ತಿತ್ತು. ಆ ಸೆಂಟರ್ ಹುಟ್ಟುಹಾಕಿದ ಡಾಕ್ಟರ್ ಸ್ಕ್ರಿಬ್ನರ್ ಕಡೆಯವರೂ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಂಜಿನಿಯರ್ ಬಾಬ್ ಅವರೂ ಸೇರಿ ಅವಳ ಮನೆಗಂತಲೇ ಒಂದು ಸಣ್ಣ ಮೆಷಿನ್ ಕಟ್ಟಿದರು. ಅದನ್ನು ನಡೆಸುವುದು ಅಮ್ಮನಿಗೆ ಕಲಿಸಿದರು. ಅಲ್ಲಿಂದ 'ಮನೆಯಲ್ಲಿ ಡಯಾಲಿಸಿಸ್ ಅಂದರೆ ಜೊತೆಗೊಬ್ಬರು ಇರಲೇಬೇಕು' ಅನ್ನುವುದು ಅಭ್ಯಾಸವಾಗಿ ಬಂತು. ಈಗ ಅದೂ ಸಡಿಲವಾಗಿದೆ. 2017ರಲ್ಲಿ ನೆಕ್ಸ್‌ಸ್ಟೇಜ್‌ಗೆ, ಎಚ್ಚರವಾಗಿರುವ ಹೊತ್ತಿನಲ್ಲಿ ಒಬ್ಬರೇ ಮಾಡಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಡಾಕ್ಟರ್ ಒಪ್ಪಬೇಕು ಅಷ್ಟೇ. ಕ್ಲಿನಿಕ್‌ಗಳು ಇದನ್ನು ತಾವಾಗಿ ಬಾಯಿಬಿಟ್ಟು ಹೇಳುವುದು ಕಡಿಮೆ, ನೀವೇ ಕೇಳಿ.

ಹಾಸನದಕ್ಕಾ, ನಿಮ್ಮ ಕೆಲಸ ಏನು ಅಂದಿರಿ. ಅವರ ಬಿ.ಪಿ. ಇಳಿದು ಕಣ್ಣು ಮಂಜಾದರೆ ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಮೇಲೆತ್ತಿ, ಸಲೈನ್ ಬಿಡುವುದು. ಗಾಳಿ ಒಳಗೆ ಹೋದ ಅನುಮಾನ ಬಂದರೆ ಕ್ಲಾಂಪ್ ಹಾಕಿ, ಎಡ ಮಗ್ಗುಲಿಗೆ ತಲೆ ತಗ್ಗಿಸಿ ಮಲಗಿಸಿ, 911ಗೆ ಫೋನ್ ಮಾಡುವುದು. ಕರೆಂಟ್ ಹೋದರೆ ಟ್ಯೂಬಿನಲ್ಲಿರುವ ರಕ್ತವನ್ನು ಕೈಯಲ್ಲಿ ತಿರುಗಿಸಿ ವಾಪಸ್ ಕೊಡುವುದು. ಇಷ್ಟು ನಿಮಗೆ ನಿದ್ದೆಯಲ್ಲೂ ಬರಬೇಕು. ಉಳಿದದ್ದು ಅವರದ್ದು. ರಕ್ತ ನೋಡಿದರೆ ತಲೆ ತಿರುಗುವುದನ್ನು ಟ್ರೇನರ್‌ಗೆ ಮೊದಲ ದಿನವೇ ಹೇಳಿ. ಕೂತು ಕಲಿಯಿರಿ, ನಿಂತು ಬೇಡ.

ಮೆಲ್ಬರ್ನ್ ಮಾವ

ನಾನು ಆಸ್ಟ್ರೇಲಿಯಾದಿಂದ. ಇಲ್ಲಿ ಲೆಕ್ಕವೇ ಬೇರೆ, ಸ್ವಲ್ಪ ಹೇಳುತ್ತೇನೆ.

ಇಲ್ಲಿ ಮನೆಗೂ ದೊಡ್ಡ ಮೆಷಿನ್ನೇ, ಪಕ್ಕದಲ್ಲಿ ಆರ್‌ಓ. ಆಸ್ಪತ್ರೆಯವರೇ ಪ್ಲಂಬರ್, ಎಲೆಕ್ಟ್ರಿಷಿಯನ್ ಕಳಿಸಿ ಬೆಡ್‌ರೂಮಿಗೆ ಲೈನ್ ಎಳೆಸಿದರು. ನಾನು ಮಾಡುವುದು ರಾತ್ರಿ ಡಯಾಲಿಸಿಸ್, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಎಂಟು ಗಂಟೆ. ನಿಧಾನವಾಗಿ ಓಡುವುದರಿಂದ ಸೆಳೆತ ಇಲ್ಲ, ಫಾಸ್ಫರಸ್ ಇಳಿಸುವ ಮಾತ್ರೆ ಬಹಳ ಕಡಿಮೆ ಆಗಿದೆ. ಹಗಲು ಕೆಲಸಕ್ಕೆ ಹೋಗುತ್ತೇನೆ. ಸೂಜಿ ನಾನೇ ಹಾಕಿಕೊಳ್ಳುತ್ತೇನೆ. ಇಲ್ಲಿ ಟ್ರೇನಿಂಗ್ ಶುರುವಿನಿಂದಲೇ ಪೇಷಂಟ್‌ಗೇ ಕಲಿಸುವುದು ರೂಢಿ, ಹೆಂಡತಿ ಬರದಿದ್ದರೂ ಯಾರೂ ಕೇಳುವುದಿಲ್ಲ. ನಮ್ಮವಳು ಪಕ್ಕದ ರೂಮಿನಲ್ಲಿ ಗೊರಕೆ ಹೊಡೆಯುತ್ತಿರುತ್ತಾಳೆ. ಮೆಷಿನ್ ಸದ್ದಿಗಿಂತ ಅದೇ ಜಾಸ್ತಿ.

ಆರ್‌ಓ ಬಹಳ ನೀರು ಹೊರಗೆ ಬಿಡುತ್ತದೆ, ನನಗೆ ಅದು ಹೊಟ್ಟೆ ಉರಿಸುವ ವಿಷಯ. ಇಲ್ಲೇ ಹತ್ತಿರ ಗೀಲಾಂಗ್ ಆಸ್ಪತ್ರೆಯ ಡಾಕ್ಟರ್ ಜಾನ್ ಏಗಾರ್ ಮತ್ತು ಅವರ ಜೊತೆಗಾರರು ಆ ನೀರನ್ನು ಮತ್ತೆ ಬಳಸುವುದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಅದು ಮೆಷಿನ್ನಿಗೆ ಹೋಗುವ ಮುಂಚಿನ ನೀರು, ರಕ್ತದ ಹತ್ತಿರವೂ ಹೋಗಿರುವುದಿಲ್ಲ. ಸ್ವಲ್ಪ ಉಪ್ಪಿನಂಶ ಜಾಸ್ತಿ ಅಷ್ಟೇ. ನಾನು ಪೈಪ್ ಹಾಕಿ ಹಿತ್ತಿಲ ಟ್ಯಾಂಕಿಗೆ ಬಿಟ್ಟಿದ್ದೇನೆ. ಮಲ್ಲಿಗೆ, ಕರಿಬೇವು ಎರಡೂ ಅದರಲ್ಲೇ ಬೆಳೆದಿವೆ. ಆದರೆ ಒಂದು ಎಚ್ಚರಿಕೆ. ಮೆಷಿನ್ನಿನಿಂದ ಹೊರಬರುವ ಡಯಾಲಿಸೇಟ್ ಬೇರೆ, ಅದು ಮೋರಿಗೇ ಹೋಗಬೇಕು. ಎರಡು ಪೈಪನ್ನು ಕಲೆಸಬೇಡಿ.

ಕರೆಂಟ್ ಕಂಪನಿಯಲ್ಲಿ 'ಲೈಫ್ ಸಪೋರ್ಟ್' ಪಟ್ಟಿಗೆ ಹೆಸರು ಸೇರಿಸುವುದು ಇಲ್ಲಿ ಮೊದಲ ಕೆಲಸ. ವಿಕ್ಟೋರಿಯಾದಲ್ಲಿ ಬಿಲ್‌ನಲ್ಲಿ ರಿಯಾಯಿತಿಯೂ ಇದೆ.

ಜಯನಗರ ನಾಲ್ಕನೇ ಬ್ಲಾಕ್

ಎಲ್ಲರದ್ದೂ ಓದಿ ಆಸೆಯಾಯಿತು. ನಾನು ಬೆಂಗಳೂರು. ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಟ್ರಾಫಿಕ್‌ನಲ್ಲಿ ಹೋಗಿ ಬರುವುದೇ ಒಂದು ಕಾಯಿಲೆ. ನಮಗೂ ಇದು ಸಾಧ್ಯವಾ?

ಫ್ರೀಮಾಂಟ್ ಭಟ್ಟ

ಅಲ್ಲಿ ಪೇಷಂಟ್ ತಾನೇ ಕಲಿತು ಮಾಡಿಕೊಳ್ಳುವ ಹಿಮೋಡಯಾಲಿಸಿಸ್ ಬಹಳ ಅಪರೂಪ. ಮೆಷಿನ್ ಜೊತೆ ಟೆಕ್ನಿಷಿಯನ್ ಮನೆಗೆ ಬಂದು ಮಾಡುವ ಸೇವೆ ದೊಡ್ಡ ಊರುಗಳಲ್ಲಿ ಇದೆ, ಆದರೆ ಖರ್ಚು ನಿಮ್ಮ ಕೈಯಿಂದ. ಅವರನ್ನು ಕರೆಸುವುದಾದರೆ ಮೂರು ವಿಷಯ ಬಿಡಬೇಡಿ: ನೀರಿನ ಟೆಸ್ಟ್ ವರದಿ, ಬೋರ್‌ವೆಲ್ ನೀರಾದರೆ ಗಡಸುತನಕ್ಕೆ ಏನು ಮಾಡುತ್ತಾರೆ, ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಹೊತ್ತು. ಇದಕ್ಕಿಂತ ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಬಗ್ಗೆ ನಿಮ್ಮ ಡಾಕ್ಟರ್‌ನ ಕೇಳಿ. ಮನೆಯಲ್ಲಿ ಮಾಡಲು ನಮ್ಮ ದೇಶದಲ್ಲಿ ಅದೇ ಹೆಚ್ಚು ರೂಢಿಯಲ್ಲಿರುವುದು. ಸೂಜಿ ಇಲ್ಲ, ನಲ್ಲಿ ಇಲ್ಲ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ 2016ರಲ್ಲಿ ಶುರುವಾದಾಗ ಜಿಲ್ಲಾ ಆಸ್ಪತ್ರೆಗಳ ಹಿಮೋಡಯಾಲಿಸಿಸ್ ಮಾತ್ರ ಇತ್ತು, 2019ರಲ್ಲಿ ಪೆರಿಟೋನಿಯಲ್ಲನ್ನೂ ಸೇರಿಸಿದರು. ನಿಮಗೆ ಅನ್ವಯವಾಗುತ್ತದಾ ಅಂತ ವಿಚಾರಿಸಿ.

ಜಯನಗರ ನಾಲ್ಕನೇ ಬ್ಲಾಕ್

ಕೇಳುತ್ತೇನೆ ಸರ್. ಪೆರಿಟೋನಿಯಲ್ ಬಗ್ಗೆ ನಮಗೆ ಯಾರೂ ಹೇಳಿಯೇ ಇರಲಿಲ್ಲ.

ಹಾಸನದ ಮಗಳು

ಎಲ್ಲರಿಗೂ ಒಂದು ಅಪ್‌ಡೇಟ್. ಕ್ಲಿನಿಕ್‌ಗೆ ಹೋಗಿ ಬಂದೆವು. ನಮಗೆ ಸಿಗುವುದು ನೆಕ್ಸ್‌ಸ್ಟೇಜ್. ಎರಡನೇ ಮಹಡಿಗೆ ಡಬ್ಬ ಹೊರುವ ಕಷ್ಟ ಹೇಳಿದ್ದಕ್ಕೆ ನಲ್ಲಿ ನೀರಿನ ಮಾದರಿಯೇ ಕೊಡುತ್ತೇವೆ ಅಂದರು. ಟೆಕ್ನಿಷಿಯನ್ ಬಂದು ಬಚ್ಚಲಮನೆ ಸಿಂಕಿನ ಒತ್ತಡ ಅಳೆದು, ನೀರಿನ ಸ್ಯಾಂಪಲ್ ಹಿಡಿದುಕೊಂಡು ಹೋದ. ಓನರ್ ಮೊದಲು ಗೊಣಗಿದರು, ಪತ್ರ ಕೊಟ್ಟ ಮೇಲೆ ಸರಿ ಅಂದರು.

ಸೋಷಿಯಲ್ ವರ್ಕರ್ ಒಂದು ವಿಷಯ ಹೇಳಿದರು, ಬೇರೆಯವರಿಗೂ ಉಪಯೋಗ ಆಗಬಹುದು. ಸೆಂಟರ್‌ನಲ್ಲಿ ಶುರುಮಾಡಿದರೆ ಮೆಡಿಕೇರ್ ಬರಲು ಮೂರು ತಿಂಗಳು ಕಾಯಬೇಕು. ಆ ಅವಧಿ ಮುಗಿಯುವ ಮುಂಚೆ ಮನೆ ಟ್ರೇನಿಂಗ್ ಶುರುವಾದರೆ ಆ ಕಾಯುವಿಕೆ ಇಲ್ಲ, ಡಯಾಲಿಸಿಸ್ ಶುರುವಾದ ಮೊದಲ ತಿಂಗಳಿಂದಲೇ ಲೆಕ್ಕಕ್ಕೆ ಬರುತ್ತದೆ. ನಮಗೆ ಆಫೀಸಿನ ಇನ್ಶೂರೆನ್ಸ್ ಇದೆ, ಮೊದಲ 30 ತಿಂಗಳು ಅದೇ ಮುಂದೆ, ಮೆಡಿಕೇರ್ ಅದರ ಹಿಂದೆ. ಅರವತ್ತೈದು ಆಗದಿದ್ದರೂ ಕೆಲಸದ ಕ್ರೆಡಿಟ್ (ತೆರಿಗೆ ಕಟ್ಟಿ ದುಡಿದ ಅವಧಿಯ ಲೆಕ್ಕ) ಇದ್ದರೆ ಸಿಗುತ್ತದಂತೆ. 1972ರಲ್ಲಿ ಮಾಡಿದ ಕಾನೂನಂತೆ ಅದು.

ಸೂಜಿ ಅವರೇ ಹಾಕಿಕೊಳ್ಳುವುದು ಅಂತ ತೀರ್ಮಾನ. ಸೆಂಟರ್‌ನಲ್ಲೇ ಈಗ ಸೂಜಿ ಹಾಕುವಾಗ ಮುಖ ತಿರುಗಿಸದೆ ನೋಡುತ್ತಾರೆ. ಹೋದ ವಾರ ಪ್ಲಾಸ್ಟರ್ ತಾನೇ ಹಾಕಿಕೊಂಡರಂತೆ, ಒಂದೇ ಕೈಯಲ್ಲಿ.

ಊಟದ ಬಗ್ಗೆ ಯಾರಾದರೂ ಹೇಳಿ. ಮುದ್ದೆ ಬಿಟ್ಟು ಎಷ್ಟು ತಿಂಗಳಾಯಿತು ಅಂತ ದಿನಾ ರಾಗ ಎಳೆಯುತ್ತಾರೆ. ಇನ್ನೊಂದು, ಮುಂದಿನ ವರ್ಷ ನಾದಿನಿ ಮಗಳ ಮದುವೆ, ಹಾಸನಕ್ಕೆ ಹೋಗಲು ಆಗುತ್ತದಾ?

ಫ್ರೀಮಾಂಟ್ ಭಟ್ಟ

ವಾರಕ್ಕೆ ಐದು ದಿನ ಮಾಡಿದರೆ ಊಟ, ನೀರು ಎರಡರಲ್ಲೂ ಸ್ವಲ್ಪ ಸಡಿಲ ಸಿಗುತ್ತದೆ. ಎಷ್ಟು ಅನ್ನುವುದನ್ನು ತಿಂಗಳ ರಕ್ತಪರೀಕ್ಷೆ ನೋಡಿ ಡಯಟಿಷಿಯನ್ ಹೇಳಬೇಕು. ರಾಗಿಯಲ್ಲಿ ಪೊಟ್ಯಾಷಿಯಂ, ಫಾಸ್ಫರಸ್ ಎರಡೂ ಇದೆ. ನನಗೆ ಅಪರೂಪಕ್ಕೊಮ್ಮೆ ಸಣ್ಣ ಮುದ್ದೆಗೆ ಒಪ್ಪಿಗೆ ಸಿಕ್ಕಿದೆ, ಸೊಪ್ಪಿನ ಸಾರಿನ ಬದಲು ತರಕಾರಿ ಬೇಯಿಸಿ ಮೊದಲ ನೀರು ಚೆಲ್ಲಿ ಮಾಡಿದ ಸಾರು. ಎಳನೀರು ಬೇಡವೇ ಬೇಡ. ಧಾರೆಹುಳಿ (ಸ್ಟಾರ್ ಫ್ರೂಟ್) ಮನೆಗೇ ತರಬೇಡಿ, ಕಿಡ್ನಿ ಕೆಟ್ಟವರಿಗೆ ಅದು ಮೆದುಳಿಗೆ ವಿಷ. ತಮಾಷೆ ಅಲ್ಲ. ಊರಲ್ಲಿ ಯಾರೋ ಪ್ರೀತಿಯಿಂದ ಉಪ್ಪಿನಕಾಯಿ ಹಾಕಿ ಕೊಟ್ಟುಬಿಡುತ್ತಾರೆ, ಅದಕ್ಕೇ ಹೇಳಿದೆ.

ಮದುವೆಗೆ ಹೋಗಬಹುದು. ಮೆಷಿನ್ ಹೊತ್ತುಕೊಂಡು ಹೋಗುವ ಯೋಚನೆ ಬಿಡಿ. ಅಮೆರಿಕದೊಳಗಾದರೆ ಸಾಮಾನನ್ನು ಹೋಗುವ ಕಡೆಗೇ ತರಿಸಿಕೊಳ್ಳಬಹುದು, ಇಂಡಿಯಾಕ್ಕೆ ಅದೆಲ್ಲ ಆಗುವ ಹೋಗುವ ಮಾತಲ್ಲ. ಹಾಸನದಲ್ಲೋ ಮೈಸೂರಿನಲ್ಲೋ ಸೆಂಟರ್‌ನಲ್ಲಿ ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. ಇಲ್ಲಿಂದ ನಿಮ್ಮ ಡಾಕ್ಟರ್ ಬರೆದ ವಿವರ, ಡ್ರೈ ವೈಟ್ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ), ಹೆಪಟೈಟಿಸ್ ರಿಪೋರ್ಟ್ ಒಯ್ಯಿರಿ.

ಕುಡ್ಲದ ನರ್ಸ್

ಹೋಗುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯಾ, ರಕ್ತದಲ್ಲಿ ಅದರ ಶಕ್ತಿ ಬಂದಿದೆಯಾ ನೋಡಿಸಿ. ಅಲ್ಲಿ ಡಯಾಲೈಸರ್ (ರಕ್ತ ಸೋಸುವ ಫಿಲ್ಟರ್) ಹೊಸದೇ ಬಳಸಬೇಕು, ತೊಳೆದು ಮತ್ತೆ ಬಳಸಿದ್ದು ಬೇಡ ಅಂತ ಬಾಯಿಬಿಟ್ಟು ಹೇಳಿ. ವಾಪಸ್ ಬಂದ ಮೇಲೆ ಇಲ್ಲಿ ಮತ್ತೆ ಟೆಸ್ಟ್ ಕೇಳುತ್ತಾರೆ. ಬಟನ್‌ಹೋಲ್ ಆಗಿದ್ದರೆ ಅಲ್ಲಿನವರ ಕೈಗೆ ಅದನ್ನು ಕೊಡಬೇಡಿ, ಭಾವನವರೇ ಹಾಕಿಕೊಳ್ಳಲಿ. ಅಷ್ಟರಲ್ಲಿ ಅವರಿಗೆ ಅದು ನೀರು ಕುಡಿದಷ್ಟು ಸಲೀಸಾಗಿರುತ್ತದೆ.

ಶರಾವತಿ

ಜ್ವರ ಬಂದರೆ ಕುರ್ಚಿ ಕೊಡುವ ಮಾತು ಕೇಳಿದಿರಾ?

ಹಾಸನದ ಮಗಳು

ಕೇಳಿದೆ ಅಕ್ಕಾ. ಇಮೇಲ್‌ನಲ್ಲಿ ಬರೆದು ಕೊಟ್ಟಿದ್ದಾರೆ, ಒಂದು ದಿನ ಮುಂಚೆ ಫೋನ್ ಮಾಡಬೇಕಂತೆ. ರಜೆ ನಾನು ಪೂರ್ತಿ ಹಾಕುತ್ತಿಲ್ಲ. ಮೊದಲ ವಾರ ಇವರೊಬ್ಬರೇ ಹೋಗುತ್ತಾರೆ, ತುರ್ತು ಪಾಠ ಇರುವ ದಿನಗಳಿಗೆ ಮಾತ್ರ ನಾನು.

ಇನ್ನೊಂದೇ ಪ್ರಶ್ನೆ. ತಿಂಗಳ ಸಾಮಾನು ಮೂವತ್ತು ಡಬ್ಬದ ಮೇಲೆ ಬರುತ್ತದಂತೆ. ನಮಗಿರುವುದು ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಸಣ್ಣ ಗೂಡು. ಅಲ್ಲಿ ಇಟ್ಟರೆ ಆಗುತ್ತದಾ?

ಫ್ರೀಮಾಂಟ್ ಭಟ್ಟ

ಬೇಸಿಗೆಯಲ್ಲಿ ಅಲ್ಲಿ ಬಿಸಿ ಏರುತ್ತದೆ, ಔಷಧಿ ದ್ರಾವಣದ ಡಬ್ಬ, ಫಿಲ್ಟರ್ ಅಲ್ಲಿ ಬೇಡ. ಡಬ್ಬದ ಮೇಲೆ ಎಷ್ಟು ಡಿಗ್ರಿವರೆಗೆ ಅಂತ ಬರೆದಿರುತ್ತದೆ. ಹತ್ತಿ, ಪ್ಲಾಸ್ಟರ್ ಬೇಕಾದರೂ ಮನೆಯೊಳಗೇ ಇರಲಿ, ಇಲಿ ಕಾಟ ಇರುತ್ತದೆ. ಮಂಚದ ಕೆಳಗೆ, ಮಗನ ಬೀರು ಮೇಲೆ, ಎಲ್ಲಿ ಹಿಡಿಸುತ್ತದೋ ಅಲ್ಲಿ. ಹಳೆಯದು ಮುಂದೆ, ಹೊಸದು ಹಿಂದೆ. ತಿಂಗಳಿಗೊಮ್ಮೆ ಬದಲು ಎರಡು ವಾರಕ್ಕೊಮ್ಮೆ ಕಳಿಸಿ ಅಂತ ಕೇಳಿ ನೋಡಿ, ಕೆಲವರಿಗೆ ಒಪ್ಪುತ್ತಾರೆ. ಮೇಲೆ ತಂದುಕೊಡಿ ಅಂತಲೂ ಆರ್ಡರ್‌ನಲ್ಲಿ ಬರೆಸಿ, ಇಲ್ಲದಿದ್ದರೆ ಬಾಗಿಲ ಹೊರಗೆ ಇಳಿಸಿ ಹೋಗುತ್ತಾರೆ. ಕೊನೇಪಕ್ಷ ಒಂದು ವಾರದ ಸಾಮಾನು ಯಾವಾಗಲೂ ಜಾಸ್ತಿ ಇರಲಿ. ಭೂಕಂಪದ ಊರು ನಮ್ಮದು. ಡಯಾಲಿಸಿಸ್ ಮಾಡಲಾಗದ ಮೂರು ದಿನ ಏನು ತಿನ್ನಬೇಕು ಅನ್ನುವ ಪಟ್ಟಿ ಡಯಟಿಷಿಯನ್ ಹತ್ತಿರ ಸಿಗುತ್ತದೆ, ಅದನ್ನು ಫ್ರಿಜ್ ಮೇಲೆ ಅಂಟಿಸಿ.

ಹಾಸನದ ಮಗಳು

ಸರಿ ಭಟ್ರೇ. ಸೋಮವಾರ ಟ್ರೇನಿಂಗ್ ಶುರು. ಬೀರು ಮೇಲಿನ ಸೂಟ್‌ಕೇಸ್‌ಗಳನ್ನು ಇವತ್ತು ಇಳಿಸುತ್ತೇನೆ.